ಆಪ್ಟಿಮಿಸ್ಟ್ ಡಿಂಗಿ

ಆಪ್ಟಿಮಿಸ್ಟ್ ಡಿಂಗಿ: 15 ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ನಡೆಸುವ, ಒಂದೇ ಹಾಯಿಯ ಸ್ಪರ್ಧಾ ದೋಣಿ. ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ 1947ರಲ್ಲಿ ಕ್ಲಾರ್ಕ್ ಮಿಲ್ಸ್ ಇದನ್ನು ರೂಪಿಸಿದರು. ಮೊಂಡು ಮೂತಿಯ ಈ ದೋಣಿಯ ಉದ್ದ ಸುಮಾರು 2.3 ಮೀ.; ಒಡಲಿನ ತೂಕ 35 ಕಿ.ಗ್ರಾಂ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1962ರಲ್ಲಿ ಬ್ರಿಟನ್ನಿನಲ್ಲಿ ನಡೆಯಿತು.

ಮಂದಗಾಳಿ: ಗಾಳಿ ಕಡಿಮೆಯಿದ್ದಾಗ ಸ್ಪರ್ಧಿ ಮುಂದಕ್ಕೆ ಸರಿದು ಕೂರಬೇಕು. ಆಗ ಅಗಲವಾದ ಹಿಂಬದಿ ನೀರಿನಿಂದ ಮೇಲೆದ್ದು ಎಳೆತ ತಗ್ಗುತ್ತದೆ. ಗಾಳಿ ಸಾಗುವ ಕಡೆಗೆ ದೋಣಿಯನ್ನು ಕೊಂಚ ವಾಲಿಸಿದರೆ ಹಾಯಿ ತನ್ನ ಭಾರಕ್ಕೇ ಆಕಾರ ಹಿಡಿಯುತ್ತದೆ. ಚುಕ್ಕಾಣಿಯನ್ನು ಒರಟಾಗಿ ತಿರುಗಿಸಿದರೆ ವೇಗ ಕುಸಿಯುತ್ತದೆ.

ದಿಕ್ಕು ಬದಲಿಸುವ ಗಾಳಿ: ಗಾಳಿಗೆದುರಾಗಿ ಅಂಕುಡೊಂಕಾಗಿ ಸಾಗುವಾಗ ಗಾಳಿ ತಿರುಗಿ ಮೂತಿ ಮುಂದೆ ಸುತ್ತಬೇಕಾದ ಗುರುತಿನತ್ತ ಹೆಚ್ಚು ನೇರವಾದರೆ ಅದೇ ಮಗ್ಗುಲಲ್ಲಿ ಮುಂದುವರಿಯುವುದು, ಗುರುತಿನಿಂದ ಆಚೆ ಸರಿದರೆ ಮಗ್ಗುಲು ಬದಲಿಸುವುದು ಮೂಲಸೂತ್ರ. ನೀರಿನ ಮೇಲೆ ಕಪ್ಪಗೆ ಹರಡುವ ಸಣ್ಣ ಅಲೆಗಳು ಬರಲಿರುವ ಗಾಳಿಯ ಸೂಚನೆ. ಸುತ್ತಲಿನ ಮರ, ಕಟ್ಟಡಗಳು ಗಾಳಿಯನ್ನು ಒಡೆಯುವುದರಿಂದ ಕೆರೆಗಳಲ್ಲಿ ಇಂಥ ಹೊರಳಾಟ ಹೆಚ್ಚು.

ನಿಯಮಗಳು: ಹಾಯಿಯನ್ನು ಪದೇಪದೇ ಬೀಸುವುದು, ದೋಣಿಯನ್ನು ತೂಗಾಡಿಸುವುದು, ಚುಕ್ಕಾಣಿಯನ್ನೇ ಹುಟ್ಟಿನಂತೆ ಬಳಸುವುದು ಹಾಯಿದೋಣಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ 42ನೆಯ ನಿಯಮದಂತೆ ನಿಷಿದ್ಧ. ತೀರ್ಪುಗಾರರು ಮೊದಲ ಬಾರಿ ಹಳದಿ ಬಾವುಟ ತೋರಿದರೆ ದೋಣಿಯನ್ನು ಎರಡು ಸುತ್ತು ತಿರುಗಿಸಿ ದಂಡ ತೆರಬೇಕು. ನಿಗದಿತ ಅವಧಿಯೊಳಗೆ ಯಾರೂ ಗುರಿ ಮುಟ್ಟದಿದ್ದರೆ ಓಟ ರದ್ದಾಗುತ್ತದೆ.

ಭಾರತದಲ್ಲಿ: ಹೈದರಾಬಾದಿನ ಹುಸೇನ್ ಸಾಗರ ಆಪ್ಟಿಮಿಸ್ಟ್ ಸ್ಪರ್ಧೆಗಳ ಪ್ರಮುಖ ತಾಣ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಭಾರತೀಯ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ.