ಜಗಲಿಯ ಮೇಲೆ ಕುಳಿತ ತಂದೆ

ಜಗಲಿಯ ಅಂಚಿನಲ್ಲಿ ಒಬ್ಬ ಮನುಷ್ಯ ಕುಳಿತಿದ್ದಾನೆ. ಅವನ ಮುಂದೆ ನೆಲದ ಮೇಲಿರುವ ಎರಡು ಚಿಕ್ಕ ವಸ್ತುಗಳು ಮೊದಲ ನೋಟಕ್ಕೆ ಏನೆಂದು ತಿಳಿಯುವುದಿಲ್ಲ. ಅವು ಅವನ ಐದು ವರ್ಷದ ಮಗಳು ಬೋಆಲಿಯ ಕತ್ತರಿಸಿದ ಕೈ ಮತ್ತು ಪಾದ. ಆ ತಂದೆಯ ಹೆಸರು ನ್ಸಾಲಾ. ಈ ಛಾಯಾಚಿತ್ರವನ್ನು 1904ರ ಮೇ 14ರಂದು ಆಫ್ರಿಕದ ಕಾಂಗೋದಲ್ಲಿ, ಬರಿಂಗಾ ಎಂಬ ಊರಿನ ಕ್ರೈಸ್ತ ಮಿಷನ್ ಕೇಂದ್ರದಲ್ಲಿ ತೆಗೆದವರು ಇಂಗ್ಲೆಂಡಿನ ಮಿಷನರಿ ಆಲಿಸ್ ಸೀಲಿ ಹ್ಯಾರಿಸ್.

ಮಿಷನರಿಗಳು ದೂರದ ನಾಡುಗಳಿಗೆ ಕ್ಯಾಮೆರಾ ಒಯ್ದದ್ದು ಇಂಥ ಚಿತ್ರಗಳಿಗಾಗಿ ಅಲ್ಲ. ಸ್ವದೇಶದ ಭಕ್ತರು ಕೊಟ್ಟ ದೇಣಿಗೆಯಿಂದ ಮಿಷನ್‌ಗಳು ನಡೆಯುತ್ತಿದ್ದವು. ಆ ಹಣದಿಂದ ಏನಾಯಿತೆಂದು ತೋರಿಸಬೇಕಿತ್ತು. ಒಂದು ಚಿತ್ರದಲ್ಲಿ ಅರೆಬತ್ತಲೆ ‘ಕಾಡುಜನ’, ಮತ್ತೊಂದರಲ್ಲಿ ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತ ಶಾಲಾಮಕ್ಕಳು. ಕತ್ತಲೆಯಿಂದ ಬೆಳಕಿಗೆ ಎಂಬ ಕಥೆ ಹೇಳಲು ಇಷ್ಟು ಸಾಕಾಗಿತ್ತು. ಆ ಜನರ ಹಾಡು, ಕಸುಬು, ನ್ಯಾಯನೀತಿಗಳಿಗೆ ಈ ಕಥೆಯಲ್ಲಿ ಜಾಗ ಕಡಿಮೆ.

ಕಾಂಗೋದಲ್ಲಿ ಈ ಕಥೆ ತಲೆಕೆಳಗಾಯಿತು. 1885ರಿಂದ ಆ ದೇಶ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಸ್ವತ್ತಿನಂತಿತ್ತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ರಬ್ಬರಿಗೆ ಬೇಡಿಕೆ ಏರಿತು. ಹಳ್ಳಿಗರು ಕಾಡುಬಳ್ಳಿಗಳಿಂದ ಗೊತ್ತುಪಡಿಸಿದಷ್ಟು ರಬ್ಬರ್ ತರಲೇಬೇಕು. ತಪ್ಪಿದರೆ ಬಂದೂಕು ಹಿಡಿದ ಕಾವಲುಗಾರರ ದಾಳಿ. ಖರ್ಚಾದ ಗುಂಡುಗಳಿಗೆ ಲೆಕ್ಕವಾಗಿ ಅವರು ಕತ್ತರಿಸಿದ ಕೈಗಳನ್ನು ಒಪ್ಪಿಸುತ್ತಿದ್ದರು! ನ್ಸಾಲಾನ ಹಳ್ಳಿಯಾದ ವಾಲಾದ ಮೇಲೆ ದಾಳಿ ಮಾಡಿದವರು ‘ಅಬೀರ್’ ಎಂಬ ರಬ್ಬರ್ ಕಂಪೆನಿಯ ಕಾವಲುಗಾರರು.

ನ್ಸಾಲಾ ಮಗಳ ಅವಶೇಷವನ್ನು ಎಲೆಯಲ್ಲಿ ಸುತ್ತಿಕೊಂಡು ಮಿಷನ್‌ಗೆ ಬಂದ. ಆಲಿಸ್ ಆತನನ್ನು ಜಗಲಿಯಲ್ಲಿ ಕೂರಿಸಿ ಚಿತ್ರ ತೆಗೆದರು. ಹಾಗಾದರೆ ಇದು ಕೃತಕವೇ? ಕುಳಿತ ಭಂಗಿ ಆಲಿಸ್ ಹೇಳಿದ್ದು. ಸಾವು ಮಾತ್ರ ನಿಜ. ತಮ್ಮ ನಾಡಿನ ಜನರ ಮನ ಕಲಕುವ ಚಿತ್ರ ಯಾವುದೆಂದು ಮಿಷನರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಆಲಿಸ್ ಮತ್ತು ಪತಿ ಜಾನ್ ಹ್ಯಾರಿಸ್ ಬ್ರಿಟನ್, ಅಮೆರಿಕಗಳ ಸಭೆಗಳಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಹಚ್ಚಿ, ಗಾಜಿನ ಸ್ಲೈಡುಗಳಲ್ಲಿದ್ದ ಕಾಂಗೋದ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸಿದರು. ದೇಣಿಗೆ ಎತ್ತುತ್ತಿದ್ದ ಅದೇ ದೀಪ ಈಗ ಒಬ್ಬ ದೊರೆಯ ವಿರುದ್ಧ ಸಾಕ್ಷಿ ನುಡಿಯಿತು. ಮಿಷನರಿಗಳ ಪತ್ರಗಳನ್ನು ಸುಳ್ಳೆಂದು ತಳ್ಳಿಹಾಕಬಹುದಿತ್ತು. ಚಿತ್ರಗಳನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ. 1905ರಲ್ಲಿ ಮಾರ್ಕ್ ಟ್ವೈನ್ ಲಿಯೊಪೋಲ್ಡನನ್ನು ಲೇವಡಿ ಮಾಡಿ ಬರೆದ ಪುಸ್ತಿಕೆಯಲ್ಲೂ ಕ್ಯಾಮೆರಾದ ಮುಂದೆ ದೊರೆ ಕಂಗೆಡುತ್ತಾನೆ. ಕೊನೆಗೆ 1908ರಲ್ಲಿ ಆತ ಕಾಂಗೋವನ್ನು ಬೆಲ್ಜಿಯಂ ಸರಕಾರಕ್ಕೆ ಬಿಟ್ಟುಕೊಡಬೇಕಾಯಿತು. ಬಲವಂತದ ದುಡಿಮೆ ಮಾತ್ರ ಆಮೇಲೂ ನಿಲ್ಲಲಿಲ್ಲ.

ಈ ಗೆಲುವಿನೊಳಗೂ ಹಳೆಯ ಕಥೆಯ ನೆರಳಿತ್ತು. ಗುಂಡು ಹಾರಿಸಿದವರು, ಕಂಪೆನಿಯ ಪಾಲುದಾರರು ಯಾರೂ ಚೌಕಟ್ಟಿನೊಳಗಿಲ್ಲ. ಸಭಿಕರ ಕಣ್ಣಿಗೆ ಬಿದ್ದದ್ದು ಅಸಹಾಯಕ ಆಫ್ರಿಕನ್ ಮತ್ತು ಆತನನ್ನು ಕಾಪಾಡಲು ಹೊರಟ ಬಿಳಿಯರು. ಆದರೆ ಆ ಎಲೆಯ ಗಂಟನ್ನು ಹೊತ್ತು, ಅನ್ಯಾಯವನ್ನು ತೋರಿಸಲೆಂದೇ ಜಗಲಿಯವರೆಗೆ ನಡೆದು ಬಂದವನು ನ್ಸಾಲಾ. ಕ್ಯಾಮೆರಾ ನುಡಿದದ್ದು ಎರಡನೆಯ ಸಾಕ್ಷ್ಯ. ಮೊದಲ ಸಾಕ್ಷಿ ಆ ತಂದೆಯೇ.