ಎರಡು ಕಂಬಗಳ ಹಾದಿ: ಫ್ರೀಮೇಸನ್ ಸಂಕೇತಗಳು ಮತ್ತು ಗುಹ್ಯ ಪರಂಪರೆ

ಫ್ರೀಮೇಸನ್ ಎಂಬ ಸೋದರ ಸಂಘದ ಲಾಜುಗಳಲ್ಲಿ, ಅಂದರೆ ಸಭಾಗೃಹಗಳಲ್ಲಿ, ಕಾಣುವ ಮೂಲೆಮಟ್ಟ, ಕೈವಾರ, ತೂಗುಗುಂಡುಗಳೆಲ್ಲ ಕಲ್ಲುಕೆಲಸದವರ ಸಲಕರಣೆಗಳು. ರಸವಿದ್ಯೆ, ಯಹೂದಿ ಗುಹ್ಯವಿದ್ಯೆಯಾದ ಕಬ್ಬಾಲಾ, ಹರ್ಮಿಸನ ಹೆಸರಿನ ಹರ್ಮೆಟಿಕ್ ಚಿಂತನೆಗಳು ಈ ಸಂಕೇತಲೋಕದೊಳಗೆ ಯಾವಾಗ, ಯಾರ ಮೂಲಕ ಬಂದವು? ಲಾಜಿನ ಎರಡು ಕಂಬಗಳ ಬೆನ್ನು ಹತ್ತಿದರೆ ಉತ್ತರದ ಬಹುಭಾಗ ಸಿಗುತ್ತದೆ.

15ನೆಯ ಶತಮಾನದ ಆರಂಭದ ಕುಕ್ ಹಸ್ತಪ್ರತಿಯಲ್ಲಿ ಇಂಗ್ಲೆಂಡಿನ ಕಲ್ಲುಕೆಲಸದವರ ಐತಿಹ್ಯವಿದೆ. ಜಲಪ್ರಳಯಕ್ಕೆ ಮುಂಚೆ ವಿದ್ಯೆಗಳನ್ನು ಎರಡು ಕಂಬಗಳಲ್ಲಿ ಕೆತ್ತಿಟ್ಟರಂತೆ. ಒಂದನ್ನು ಬೆಂಕಿ ಸುಡದು, ಇನ್ನೊಂದನ್ನು ನೀರು ಮುಳುಗಿಸದು. ಪ್ರಳಯದ ನಂತರ ಒಂದು ಪೈಥಾಗೊರಸನಿಗೂ ಇನ್ನೊಂದು ಹರ್ಮಿಸನಿಗೂ ದೊರೆತವಂತೆ. ರಸವಾದಿಗಳ ಆದಿಗುರುವಾದ ಹರ್ಮಿಸನ ಹೆಸರು ಇಲ್ಲಿ ಬಂದಿರುವುದು ಕಸುಬಿನ ಹಿರಿಮೆ ಸಾರಲು, ರಸವಿದ್ಯೆಯ ಉಪದೇಶಕ್ಕಲ್ಲ.

1696ರ ಎಡಿನ್‌ಬರೋ ಪ್ರಶ್ನೋತ್ತರ ಹಸ್ತಪ್ರತಿ ಬೇರೆ ಕಂಬಗಳತ್ತ ಬೊಟ್ಟು ಮಾಡುತ್ತದೆ: ಬೈಬಲಿನ ಸೊಲೊಮೋನನ ದೇವಾಲಯದ ಮುಂದಿದ್ದ ಯಾಕೀನ್ ಮತ್ತು ಬೋವಜ್. 1717ರಲ್ಲಿ ಲಂಡನ್ನಿನಲ್ಲಿ ಗ್ರ್ಯಾಂಡ್ ಲಾಜ್ ಹುಟ್ಟಿದ ಮೇಲೂ ಕಂಬಗಳ ಅರ್ಥ ಈ ಬೈಬಲ್ ಕಥೆಯ ನೆಲೆಯಲ್ಲೇ ಇತ್ತು.

ತಿರುವು ಬಂದದ್ದು ಫ್ರಾನ್ಸ್ ಮತ್ತು ಜರ್ಮನ್ ನಾಡುಗಳಲ್ಲಿ. 1730ರ ದಶಕದ ನಂತರ ಅಲ್ಲಿ ಮೂರು ಮೂಲ ದೀಕ್ಷೆಗಳ ಮೇಲೆ ಹತ್ತಾರು ಉನ್ನತ ದೀಕ್ಷೆಗಳು ಬೆಳೆದವು. 1614ರಲ್ಲಿ ಮುದ್ರಣಗೊಂಡ ಪ್ರಣಾಳಿಕೆಯಿಂದ ಹೆಸರಾದ ರೋಸಿಕ್ರೂಷಿಯನ್ನರ ಗುಲಾಬಿ-ಶಿಲುಬೆ ಒಂದು ದೀಕ್ಷೆಗೆ ಹೆಸರಾಯಿತು. ದೀಕ್ಷಾರ್ಥಿ ಒಂಟಿಯಾಗಿ ಕೂರುವ ಧ್ಯಾನಕೋಣೆಯಲ್ಲಿ ತಲೆಬುರುಡೆಯ ಜೊತೆಗೆ ರಸವಾದಿಗಳ ಉಪ್ಪು, ಗಂಧಕಗಳೂ ಸೇರಿದವು. ಲೋಹ ಚಿನ್ನವಾಗುವ ಕನಸು ಇಲ್ಲಿ ಮನುಷ್ಯ ಮಾಗುವ ಕ್ರಮವಾಯಿತು.

1850ರ ದಶಕದಲ್ಲಿ ಫ್ರೆಂಚ್ ಗುಹ್ಯವಾದಿ ಎಲಿಫಾಸ್ ಲೆವಿ ಎರಡು ಕಂಬಗಳನ್ನು ಕಬ್ಬಾಲಾದ ಎದುರುಬದುರು ಶಕ್ತಿಗಳೆಂದು ಓದಿದ. 1888ರಲ್ಲಿ ಮೂವರು ಮೇಸನ್ನರು ಲಂಡನ್ನಿನಲ್ಲಿ ಕಟ್ಟಿದ ಗೋಲ್ಡನ್ ಡಾನ್ ಸಂಘ ಅವನ್ನು ತನ್ನ ವಿಧಿಗಳಲ್ಲಿ ನಿಲ್ಲಿಸಿತು. ಆ ಸಂಘದಲ್ಲಿದ್ದ ಎ. ಇ. ವೇಟ್ 1909ರಲ್ಲಿ ಹೊರತಂದ ಟ್ಯಾರೋ ಎಲೆಗಳಲ್ಲಿ ಮಹಾ ಅರ್ಚಕಿ ಕುಳಿತಿರುವುದು ಅದೇ ಕಂಬಗಳ ನಡುವೆ. 1902ರಲ್ಲಿ ಹೆಣ್ಣು-ಗಂಡು ಇಬ್ಬರಿಗೂ ತೆರೆದಿದ್ದ ಸಹ-ಮೇಸನ್ ಪಂಥ ಸೇರಿದ ಆ್ಯನಿ ಬೆಸೆಂಟ್ ಅದನ್ನು ಥಿಯಾಸಫಿಯ ಜೊತೆ ಭಾರತಕ್ಕೂ ತಂದರು.

ಇದೇ ಹೊತ್ತಿಗೆ ಸಂಶೋಧಕರು ಎಚ್ಚರಗೊಂಡರು. 1886ರಲ್ಲಿ ಲಂಡನ್ನಿನಲ್ಲಿ ಕೆಲಸ ಆರಂಭಿಸಿದ ಕ್ವಾಟುವೊರ್ ಕೊರೊನಾಟಿ ಲಾಜ್, ದಾಖಲೆಯಿಲ್ಲದ ಈಜಿಪ್ಟ್ ಮೂಲದ ಕಥೆಗಳನ್ನು ಪಕ್ಕಕ್ಕಿಟ್ಟಿತು. ಅದು ಅಗತ್ಯವಿದ್ದ ಶುಚಿಕಾರ್ಯ. ಆದರೆ ಗುಹ್ಯ ವಿಚಾರಗಳೆಲ್ಲ ಜೊಳ್ಳು ಎಂಬ ಭಾವನೆಯೂ ಅದರ ಬೆನ್ನಿಗೇ ಬೆಳೆಯಿತು. ಇತಿಹಾಸಕಾರರಾದ ಫ್ರಾನ್ಸಿಸ್ ಯೇಟ್ಸ್ 1966ರ ಸ್ಮೃತಿಕಲೆಯ (ನೆನಪಿಡುವ ತಂತ್ರದ) ಗ್ರಂಥದಲ್ಲಿ ಹಾಗೂ 1972ರ ರೋಸಿಕ್ರೂಷಿಯನ್ ಅಧ್ಯಯನದಲ್ಲಿ ಗುಹ್ಯ ವಿಚಾರಗಳ ಸಂಶೋಧನೆಯ ಬಾಗಿಲನ್ನು ಮತ್ತೆ ತೆರೆದರು. 1988ರಲ್ಲಿ ಇತಿಹಾಸಕಾರ ಡೇವಿಡ್ ಸ್ಟೀವನ್ಸನ್ ಗಟ್ಟಿ ಪುರಾವೆ ಮುಂದಿಟ್ಟರು: 1599ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಶಾ ಹೊರಡಿಸಿದ ನಿಯಮಾವಳಿ, ಮೇಸನ್ನರನ್ನು ಸ್ಮೃತಿಕಲೆಯಲ್ಲಿ ಪರೀಕ್ಷಿಸಬೇಕೆಂದು ವಿಧಿಸಿತ್ತು. ಸ್ಮೃತಿಕಲೆ ಆ ಕಾಲದ ಹರ್ಮೆಟಿಕ್ ವಲಯಗಳ ಪ್ರಿಯ ವಿದ್ಯೆ. 1646ರಲ್ಲಿ ಮೇಸನ್ ಆದ ಎಲಿಯಾಸ್ ಆಶ್ಮೋಲ್ ಕೂಡ ರಸವಿದ್ಯೆಯ ಆಸಕ್ತನೇ.

ಅಲ್ಲಿಂದ ಮುಂದೆ ಈ ಅಧ್ಯಯನ ವಿಶ್ವವಿದ್ಯಾಲಯಗಳಲ್ಲಿ ಬೇರೂರಿತು. ಅಂಟ್ವಾನ್ ಫೈವ್ರ್ 1992ರಲ್ಲಿ ಗುಹ್ಯ ಚಿಂತನೆಯ ಲಕ್ಷಣಗಳನ್ನು ವಿಂಗಡಿಸಿದರು. 1999ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದಕ್ಕೆಂದೇ ಪೀಠ ಬಂತು. 2007ರಲ್ಲಿ ಹೆನ್ರಿಕ್ ಬೊಗ್ಡಾನ್ ಗಮನವನ್ನು ಚಿಹ್ನೆಗಳಿಂದ ದೀಕ್ಷಾವಿಧಿಗಳ ಕಡೆಗೆ ತಿರುಗಿಸಿದರು.

ಈ ಎಲ್ಲ ದುಡಿಮೆಯ ಫಲ ಒಂದು ಸ್ಪಷ್ಟ ತಿಳಿವು: ಸಂಕೇತ ಹಳೆಯದೆಂದ ಮಾತ್ರಕ್ಕೆ ಅದರ ಅರ್ಥ ಹಳೆಯದಲ್ಲ. ಮೇಸನ್ ವಿದ್ಯೆ ಈಜಿಪ್ಟಿನಿಂದ ಅಖಂಡವಾಗಿ ಬಂತೆನ್ನುವ ಭಕ್ತರೂ, ಪ್ರತಿ ಚಿಹ್ನೆಯಲ್ಲಿ ಪಿತೂರಿ ಕಾಣುವ ವೈರಿಗಳೂ ಎಡವುವುದು ಇದೇ ಜಾಗದಲ್ಲಿ. ಒಂದು ಅರ್ಥವನ್ನು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಬರೆದರು ಎಂದು ಕೇಳುವ ಓದುಗ ಈ ಇಬ್ಬರ ಹಿಡಿತದಿಂದಲೂ ಪಾರಾಗುತ್ತಾನೆ.