ಜವಾಬು ಕೊಡದ ಹುಡುಗಿ

ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ತಕರಾರು ಭೀಮಾ ತೀರದ ಹಾಡಿಗೆ ಹೊಸದಲ್ಲ. ಹರದೇಶಿ–ನಾಗೇಶಿ ಮೇಳಗಳು ಬೆಳತನಕ ಜಗಳಾಡುತ್ತಿದ್ದದ್ದೇ ಇದಕ್ಕಾಗಿ. ಹರದೇಶಿಯವರದು ಗಂಡಿನ ಪಕ್ಷ; ನಾಗೇಶಿಯವರದು ಹೆಣ್ಣಿನ ಪಕ್ಷ, ಶಕ್ತಿಯಿಲ್ಲದೆ ಶಿವನೆಲ್ಲಿ ಎಂಬ ವಾದ. ದಪ್ಪು, ತುಂತುಣಿ, ತಾಳ ಹಿಡಿದು ಒಂದು ಮೇಳ ಸವಾಲು ಎಸೆದರೆ ಇನ್ನೊಂದು ಮೇಳ ಪುರಾಣ, ಒಗಟು, ಚೇಷ್ಟೆ ಎಲ್ಲ ಬೆರೆಸಿ ಜವಾಬು ಕೊಡಲೇಬೇಕು. ನಾಗೇಶಿ ಕಡೆ ಹೆಣ್ಣುಮಕ್ಕಳು ಮುಂದೆ ನಿಂತು ಹಾಡುವುದು ರೂಢಿ. ಪದ ಕಟ್ಟಿದವರು ಎಷ್ಟೋ ಸಲ ಗಂಡಸರೇ, ನಿಜ. ಆದರೆ ಎದುರಿನವನ ಮಾತಿಗೆ ಅಲ್ಲೇ ತಿರುಗಿಸಿ ಕೊಡುವ ಹೊತ್ತಿಗೆ ಆಕೆಯ ನಾಲಿಗೆ ಆಕೆಯದೇ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಮೊಬೈಲಿನಲ್ಲೂ ಡಿಜೆ ಟ್ರ್ಯಾಕ್ಟರಿನಲ್ಲೂ ಓಡುವ ಇವತ್ತಿನ ‘ಜಾನಪದ ಸಾಂಗ್’ಗಳಲ್ಲಿ ನಾನು ಹುಡುಕುವುದು ಆ ಜವಾಬನ್ನು.

ಇದೇ ಭೀಮಾ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗ ಕನ್ನಡದ ಓದುಗರಿಗೆ ಕೇಳಿದ್ದು ಬೀಸುಕಲ್ಲಿನ ಮುಂದೆ ಕೂತ ಹೆಣ್ಣಿನ ದನಿ. ತವರು, ಹಡೆದವ್ವ, ಅಣ್ಣ, ತೊಟ್ಟಿಲ ಕೂಸು ಎಲ್ಲವೂ ಆಕೆಯ ಕಣ್ಣಿನಿಂದಲೇ. ಆಕೆ ಹೇಗಿದ್ದಳು, ಕಪ್ಪೋ ಕೆಂಪೋ, ವಯಸ್ಸೆಷ್ಟು, ಯಾರಿಗೂ ಬೇಕಿರಲಿಲ್ಲ. ಕ್ಯಾಸೆಟ್ ಕಾಲದಲ್ಲೂ ಮುಖದ ಹಂಗಿರಲಿಲ್ಲ. ಉತ್ತರ ಭಾರತದ ಅಗ್ಗದ ಕ್ಯಾಸೆಟ್ ದೊಡ್ಡ ಕಂಪನಿಗಳ ಹಿಡಿತ ಸಡಿಲಿಸಿ ಪ್ರಾದೇಶಿಕ ಹಾಡಿಗೆ ಮಾರುಕಟ್ಟೆ ತೆರೆದ ಬಗೆಯನ್ನು ಸಂಗೀತ ವಿದ್ವಾಂಸ ಪೀಟರ್ ಮ್ಯಾನ್ಯುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ಬರೆದರು. ನಮ್ಮ ಕಡೆ ಜಾನಪದ ಗಾಯಕ ಗುರುರಾಜ ಹೊಸಕೋಟಿಯವರ ಹಾಡು ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಹಬ್ಬಿದ್ದೂ ಅಂಥದೇ ದಾರಿಯಲ್ಲಿ. ಓದಿದ ಹುಡುಗಿಯ ಠೀವಿ ಅಲ್ಲಿಂದಲೇ ತಮಾಷೆಯ ವಸ್ತು. ಆದರೂ ಆಕೆಯ ರೂಪ ಕೇಳುವವನ ತಲೆಯೊಳಗೇ ಇತ್ತು.

ಸಿಡಿ ಅಂಗಡಿಗಳ ಕಾಲ ಬೇಗ ಬಂದು ಬೇಗ ಹೋಯಿತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. 2018ರ ‘ರ್‍ಯಾಂಬೊ 2’ ಸಿನಿಮಾದ ಉತ್ತರ ಕರ್ನಾಟಕ ಶೈಲಿಯ ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಓಡಿ, ಈ ಭಾಷೆಗೆ ಎಷ್ಟು ಗಿರಾಕಿಯಿದೆ ಎಂದು ತೋರಿಸಿಕೊಟ್ಟಿತು. ಆಮೇಲೆ ಊರೂರಿಗೊಂದು ಸ್ಟುಡಿಯೊ.

ಇಂಥ ಒಂದು ವಿಡಿಯೊ ನಿಧಾನಕ್ಕೆ ನೋಡಿ. ಮೊದಲು ಮನೆದೇವರ ಫೋಟೊ. ಆಮೇಲೆ ಸಾಹಿತ್ಯ, ಗಾಯನ, ಸಹಕಾರ ಎಂದು ಗೆಳೆಯರ ಹೆಸರು ಸಾಲುಸಾಲು. ನಟಿಯ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಡ್ರೋನ್ ತೊಗರಿ ಹೊಲದ ಮೇಲೆ ಒಂದು ಸುತ್ತು ಹಾಕುತ್ತದೆ. ಕೂಲಿಂಗ್ ಗ್ಲಾಸ್ ಹಾಕಿದ ಹುಡುಗ ಟ್ರ್ಯಾಕ್ಟರಿನಿಂದ ಇಳಿಯುತ್ತಾನೆ. ಹುಡುಗಿ ಮಾತ್ರ ಕಾಲ್ಗೆಜ್ಜೆಯಿಂದ ಶುರುವಾಗಿ, ನಡ, ಜಡೆ ದಾಟಿ, ಕೊನೆಗೆ ಮುಖವಾಗುತ್ತಾಳೆ, ಅದೂ ಸ್ಲೋ ಮೋಷನ್ನಿನಲ್ಲಿ. ಸಿನಿಮಾ ಕ್ಯಾಮೆರಾ ಗಂಡಸಿನ ಕಣ್ಣಾಗಿ ನೋಡುತ್ತದೆ ಎಂದು ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ. ತೊಗರಿ ಕೊಯ್ಯುವವರಲ್ಲಿ ಹೆಣ್ಣಾಳುಗಳೇ ಹೆಚ್ಚು. ಹಾಡಿನ ಹುಡುಗಿ ಅದೇ ಹೊಲದಲ್ಲಿ ಲೆಹೆಂಗಾ ಉಟ್ಟು ಸುಮ್ಮನೆ ಅಡ್ಡಾಡುತ್ತಾಳೆ. ಮೋಸ ಮಾಡಿದಳು, ಶ್ರೀಮಂತನ ಹಿಂದೆ ಹೋದಳು ಎಂದು ಅವನು ಅಳುತ್ತಾನೆ. ಯಾಕೆ ಹೋದಳು ಎಂದು ಅವಳು ಹೇಳುವುದಿಲ್ಲ.

ಹಾಗೆಂದು ಇದನ್ನೆಲ್ಲ ಕೊಳಕು ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಈ ಹಾಡುಗಳು ಮಾಡಿದ ದೊಡ್ಡ ಕೆಲಸವೂ ಒಂದಿದೆ. ಡ್ರೈವರ್, ಗೌಂಡಿ, ಕುರಿಗಾಹಿ, ಪುಣೆಗೆ ದುಡಿಯಲು ಹೋದ ಹುಡುಗ, ಇವರೆಲ್ಲ ತಮ್ಮದೇ ಮುಖದಲ್ಲಿ, ತಮ್ಮದೇ ಮಾತಿನಲ್ಲಿ ಹೀರೊ ಆದರು. ಸಿನಿಮಾ ಇವರನ್ನು ಬಹುಮಟ್ಟಿಗೆ ಕಾಮಿಡಿಗೆ ಇಟ್ಟುಕೊಂಡಿತ್ತು. ಡ್ರೈವರನ ಪ್ರೇಮದ ಹಾಡಿನಿಂದ ಹೆಸರಾದ ಮಾಳು ನಿಪನಾಳ 2025ರಲ್ಲಿ ಬಿಗ್‌ಬಾಸ್ ಮನೆಯೊಳಗೆ ಹೋದರು. ಅದಕ್ಕೂ ಮೊದಲೇ ಕುರಿಗಾಹಿ ಹಾಡುಗಾರ ಹನುಮಂತ ಅದೇ ಆಟ ಗೆದ್ದಿದ್ದರು. ಅಮೆರಿಕದಲ್ಲಿ 1981ರಲ್ಲಿ ಶುರುವಾದ ಸಂಗೀತ ಚಾನೆಲ್ ಎಂಟಿವಿ ಕಪ್ಪು ಗಾಯಕರನ್ನು ಯಾಕೆ ತೋರಿಸುವುದಿಲ್ಲ ಎಂದು ಗಾಯಕ ಡೇವಿಡ್ ಬೋವಿ 1983ರಲ್ಲಿ ಆ ಚಾನೆಲ್ಲಿನವರನ್ನೇ ಮುಖಾಮುಖಿಯಾಗಿ ಕೇಳಿದ್ದ. ಇಲ್ಲಿ ಹಾಗೆ ಕೇಳುವ ಪ್ರಮೇಯ ಬರಲಿಲ್ಲ. ಬಾಗಿಲು ಕಾಯುವವನೇ ಇರಲಿಲ್ಲ. ಆದರೆ ಕಪ್ಪು ಹುಡುಗನಿಗೆ ಸಿಕ್ಕ ಈ ರಿಯಾಯಿತಿ ಕಪ್ಪು ಹುಡುಗಿಗೆ ಸಿಗಲಿಲ್ಲ. ಅವಳು ಬೆಳ್ಳಗಿರಬೇಕು, ಇಲ್ಲದಿದ್ದರೆ ಫಿಲ್ಟರ್ ಬೆಳ್ಳಗೆ ಮಾಡುತ್ತದೆ.

ಜಾತಿಯ ಕಥೆ ಬೇರೆ. ಜಯಂತಿ, ಜಾತ್ರೆಗಳಿಗೆಂದು ತಮ್ಮ ಸಮುದಾಯದ ಹೆಸರು ಹಿಡಿದು ಮೆರೆಯುವ ಡಿಜೆ ಹಾಡುಗಳು ಬಂದಿವೆ; ಅವುಗಳಲ್ಲಿ ಹೆಣ್ಣು ಬಹುತೇಕ ನಾಪತ್ತೆ. ಇದಕ್ಕೆ ಹೊರತಾಗಿ ನಿಲ್ಲುವುದು ಅಂಬೇಡ್ಕರರನ್ನು ಹಾಡುವ ಭೀಮಗೀತೆ. ಆಳಂದ, ಅಫಜಲಪುರಗಳಿಗೆ ಸೊಲ್ಲಾಪುರ ಸೀಮೆ ಮಗ್ಗುಲಲ್ಲೇ ಇರುವುದರಿಂದ ವಾಮನದಾದಾ ಕರ್ಡಕ್, ಪ್ರಹ್ಲಾದ ಶಿಂದೆಯವರ ಮರಾಠಿ ಪರಂಪರೆ ಗಡಿ ದಾಟುವುದು ಕಷ್ಟವಲ್ಲ. ಅಲ್ಲಿ ಅಂಬೇಡ್ಕರರ ಮಡದಿ ರಮಾಬಾಯಿಗೆ, ಸಾವಿತ್ರಿಬಾಯಿ ಫುಲೆಗೆ ಮುಖವಿದೆ, ಕೆಲಸವಿದೆ. ಏಕತಾರಿ ಹಿಡಿದು ಹಾಡುವ ಕಡುಬಾಯಿ ಖರಾತರ ವಿಡಿಯೊಗಳಲ್ಲಿ ಮೇಕಪ್ಪಿಲ್ಲದ, ಹರೆಯ ದಾಟಿದ ಹೆಂಗಸೇ ನಾಯಕಿ.

ವಯಸ್ಸಾದವರು ನಮ್ಮ ಪ್ರೇಮದ ವಿಡಿಯೊಗಳಲ್ಲಿ ಬರುವುದು ಬೈಯಲು, ಇಲ್ಲವೇ ನಗಿಸಲು. ಸೋಬಾನೆ ಹಾಡುವ ಮನೆಯಲ್ಲಿ ಮೊದಲ ದನಿ ತೆಗೆಯುವವಳು ಮುದುಕಿ. ಅದೇ ಮದುವೆಯ ಮೆರವಣಿಗೆಗೆ ಡಿಜೆ ಬಂದರೆ ಆಕೆ ಕಿವಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂರುತ್ತಾಳೆ. ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ತುದಿ. ಸ್ಕೂಲ್ ಯೂನಿಫಾರ್ಮ್, ಎರಡು ಜಡೆ, ಬೆನ್ನಿಗೆ ಬ್ಯಾಗು: ಪ್ರೇಯಸಿಯ ವೇಷವಾಗಿ ಇವು ಮತ್ತೆ ಮತ್ತೆ ಕಾಣುತ್ತವೆ. ಮಾವನ ಮಗಳು ಓದು ಬಿಟ್ಟು ಮದುವೆಗೆ ಒಪ್ಪಬೇಕೆಂಬ ಹಾಡುಗಳಿಗೂ ಬರವಿಲ್ಲ. ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ ಎಂದು ಕರ್ನಾಟಕ 2016ರ ತಿದ್ದುಪಡಿಯಲ್ಲಿ ಬರೆದುಕೊಂಡಿದೆ. ಆ ಪಿಡುಗು ಇನ್ನೂ ನಿಲ್ಲದ ಸೀಮೆಯಲ್ಲಿ ಯೂನಿಫಾರ್ಮ್ ತೊಟ್ಟ ಪ್ರೇಯಸಿಯನ್ನು ಬರೀ ಮೋಜು ಎಂದು ಬಿಡಲು ಮನಸ್ಸು ಒಪ್ಪುವುದಿಲ್ಲ.

ಹೆಣ್ಣು–ಗಂಡು ಎಂಬ ಎರಡೇ ಲೆಕ್ಕಕ್ಕೆ ಹೊರಗಿರುವವರ ಗತಿಯೂ ಇಷ್ಟೇ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೂ ವಿಡಿಯೊ ಹಾಡಿನಲ್ಲಿ ಸೀರೆ ಉಟ್ಟ ಗಂಡಸು ಇನ್ನೂ ನಗೆಪಾಟಲಿನ ಸರಕು.

ಈಚೆಗೆ ಕೆಲವು ಹುಡುಗಿಯರು ಹುಡುಗರ ಹಿಟ್ ಹಾಡುಗಳ ಅದೇ ಟ್ರ್ಯಾಕಿಗೆ ತಿರುಗಿ ಹಾಡತೊಡಗಿದ್ದಾರೆ. ದುಡಿಯದೆ ಕುಡಿಯುವವನನ್ನು, ಸ್ಟೇಟಸ್ ಹಾಕಿ ಹೆಸರು ಕೆಡಿಸುವವನನ್ನು ಹೆಸರಿಟ್ಟು ಬೈಯುತ್ತಾರೆ. ನಾಗೇಶಿಯ ಖಾರ ಅಲ್ಲಲ್ಲಿ ನಾಲಿಗೆಗೆ ತಾಗುತ್ತದೆ. ‘ಸಾಹಿತ್ಯ’ ಎಂಬುದರ ಮುಂದೆ ಮಾತ್ರ ಹೆಚ್ಚಾಗಿ ಯಾವನೋ ಹುಡುಗನ ಹೆಸರೇ ಇರುತ್ತದೆ.